ವೈಜಾಗಿನ ವಿಡಿಯೋದಲ್ಲಿ ಕಂಡವನು

"ಒಂದಕ್ಷರಾನೂ ಸುಳ್ಳಿಲ್ಲ ಗಿರೀಶ, ಕನಕದುರ್ಗಮ್ಮನ ಆಣಿ," ಎಂದರು ಚನ್ನಬಸಪ್ಪ. ಪ್ರಾಸ್ಟೇಟ್ ಕ್ಯಾನ್ಸರ್ ಆಗಿದ್ದ ಅವರ ಜೊತೆಗೆ ವಿಜಯವಾಡದ ಆಸ್ಪತ್ರೆಗೆ ಬಂದಿದ್ದ ಗಿರೀಶ ಅವರದೇ ಬ್ಯಾಂಕಿನವನು. ಅವನಿಗೂ ಅವೇ ಲಕ್ಷಣಗಳಿದ್ದವು. ಪರೀಕ್ಷೆಗೆ ಮಾತ್ರ ಇಂದು ನಾಳೆ ಎನ್ನುತ್ತಿದ್ದ.

"ಮುಂಜಾನಿ ಇಲ್ಲಿ ಡಾಕ್ಟರು, ವೈಜಾಗಿನ ಡಾಕ್ಟರು, ಆಪರೇಷನ್ನಿನವರು, ರೇಡಿಯೇಷನ್ನಿನವರು, ಎಲ್ಲಾರೂ ವಿಡಿಯೋದಾಗ ಕೂಡಿ ನನ್ನ ಕೇಸ್ ಮಾತಾಡಿದ್ರು. ಕಡೀಕ ನನ್ನನ್ನೂ ಒಳಗ ಕರದ್ರು. ವೈಜಾಗಿನವರ ಹಿಂದ ಆಸ್ಪತ್ರಿ ಗೌನು ಹಾಕ್ಕೊಂಡು ಒಬ್ಬ ಕುಂತಿದ್ದ. ಯಾರವರು ಅಂದೆ. 'ಅಲ್ಲಿ ಯಾರೂ ಇಲ್ಲವಂಡಿ' ಅಂತ ಇಲ್ಲಿ ಡಾಕ್ಟರು ತಮ್ಮ ತೆಲುಗುಗನ್ನಡದಾಗ ಅಂದ್ರು."

ಗಿರೀಶ ನಕ್ಕ. "ಕೊಂಡಪಲ್ಲಿ ಗೊಂಬೆ ಕಣ್ಣು ಹೊಡೀತು ಅಂದವರಲ್ವಾ ಸಾರ್ ನೀವು?"

ಚನ್ನಬಸಪ್ಪ ನಗಲಿಲ್ಲ. "ಆಂವ ಡಾಕ್ಟರನ್ನ ಕೇಳಿದ, 'ನಂದು ಲೇಟಾಯ್ತಾ ಸಾರ್?' ಅಂತ. ನಿಮ್ಮ ಮೈಸೂರು ಕನ್ನಡದಾಗ. ಯಾರೂ ಹೊಳ್ಳಿ ನೋಡಲಿಲ್ಲ. ಎದ್ದು ಹೊಂಟ. ಗೌನು ಹಿಂದ ಬಿಚ್ಚಿತ್ತು. ಎಡಭುಜದ ಕೆಳಗ ಅಂಗೈಯಗಲ ಸುಟ್ಟ ಗುರ್ತು."

ಬ್ಯಾಂಕಿನಲ್ಲಿ ಯಾರೆದುರೂ ಅಂಗಿ ತೆಗೆಯದಿದ್ದ ಗಿರೀಶನ ಕೈ ತಾನಾಗಿಯೇ ಎಡಭುಜದ ಹಿಂದಿನ ಹಳೆಯ ಸುಟ್ಟ ಗುರುತಿಗೆ ಹೋಯಿತು.

"ಬಾಗಲದಾಗ ನಿಂತು ನನ್ನ ಕಡೆ ಮಾರಿ ತಿರುಗಿಸಿ ಆಂವ..." ಎಂದು ಚನ್ನಬಸಪ್ಪ ಹೇಳುತ್ತಿರುವಾಗಲೇ ಗಿರೀಶ ಎದ್ದು, ಅಂಗಿಯ ತೋಳು ಮಡಚಿಕೊಳ್ಳುತ್ತಾ ರಕ್ತಪರೀಕ್ಷೆಯ ಕೋಣೆಯತ್ತ ನಡೆದುಬಿಟ್ಟ.