ಗೋಡೆ ತಪಾಸಣೆ

ಶಿಶುವಿಹಾರದ ಆಯಾಗಳ ಮನೆಗೋಡೆಗಳಿಗೆ ವರ್ಷಕ್ಕೊಮ್ಮೆ ಕಿವಿಗೊಟ್ಟು ಕೇಳುತ್ತಾರೆ. ಗೋಡೆಗಳು ಯಾವ ಸದ್ದನ್ನೂ ಮರೆಯುವುದಿಲ್ಲ. ಒಂದು ಗದರಿಕೆಯೋ ಮಗುವಿನ ಅಳುವೋ ಸಿಕ್ಕರೆ ಕೆಲಸ ಹೋದಂತೆಯೇ.

ಇನ್‌ಸ್ಪೆಕ್ಟರ್ ಪಂಕಜಾಕ್ಷಿಯವರು ನಮ್ಮ ಅಡುಗೆಮನೆಯ ಗೋಡೆಗೆ ಕೊಳವೆ ಒತ್ತಿ ಬಹಳ ಹೊತ್ತು ಕೇಳಿದರು.

“ಒಂದು ಜೋರು ಮಾತೂ ಇಲ್ವಲ್ಲಮ್ಮ! ನಮ್ಮನೆ ಗೋಡೆ ಕೇಳಿದ್ರೆ ನನ್ನನ್ನೇ ಒಳಗೆ ಹಾಕ್ತಾರೆ,” ಎಂದು ನಕ್ಕರು. “ಮಕ್ಕಳಿಲ್ವಾ?”

“ನಾಲ್ಕು ವರ್ಷದ ಮಗಳಿದ್ದಾಳೆ, ಮೇಡಂ.”

“ಅಳೋದೇ ಇಲ್ವಾ?”

“ಸಮಾಧಾನದ ಮಗು,” ಎಂದೆ.

ಅವರು ನನ್ನ ಆಯಾ ಲೈಸೆನ್ಸಿಗೆ ಮುದ್ರೆ ಒತ್ತಿ ಹೊರಟರು. ನಾನು ಬಾಗಿಲು ಹಾಕುವಾಗ ಮಗಳ ಬೆರಳು ಸಂದಿಗೆ ಸಿಕ್ಕಿತು. ಅವಳ ಕಣ್ಣು ತುಂಬಿತು, ಸದ್ದು ಬರಲಿಲ್ಲ. ಬಾಯಿಗೆ ತುರುಕಿಕೊಳ್ಳಲು ನನ್ನ ಸೆರಗಿಗೆ ಕೈಚಾಚಿದಳು.

ಕೊಟ್ಟೆ.