ಚೂಡಾಮಣಿಯವರ ಅಡುಗೆಮನೆ

ಅರವತ್ತು ದಾಟಿದ ಚೂಡಾಮಣಿ ಮೂರನೇ ಸಲ "ಒಂದ್ನಿಮಿಷಮ್ಮ" ಅಂದಾಗಲೂ ಸಿರಿ ಮಾತು ನಿಲ್ಲಿಸಲಿಲ್ಲ. ಕಂಪನಿ ಬಿಟ್ಟು ಸ್ವಂತವಾಗಿ ಒಳಾಂಗಣ ವಿನ್ಯಾಸ ಶುರುಮಾಡಿದ ಐದು ತಿಂಗಳಲ್ಲಿ ಅವಳನ್ನು ಮನೆಗೆ ಕರೆದವರು ಇವರೊಬ್ಬರೇ. ಜಯನಗರದ ಆ ಹಳೆಯ ಅಡುಗೆಮನೆಯಲ್ಲಿ ನಿಂತು ಅವಳು ಟ್ಯಾಬ್‌ನಲ್ಲಿ ಚಿತ್ರಗಳನ್ನು ಸರಿಸುತ್ತಿದ್ದಳು. "ಈ ಗೋಡೆ ತೆಗೆದ್ಬಿಡೋಣ ಮೇಡಂ. ಸ್ಟೌ ಕಿಟಕಿ ಹತ್ರ ಹೋಗುತ್ತೆ, ಸಿಂಕ್ ಈ ಕಡೆ ಬರುತ್ತೆ. ಸಖತ್ತಾಗಿರುತ್ತೆ."

ಚೂಡಾಮಣಿ ಅವಳಿಗೆ ನೀರು ಕೊಡಲು ತಿರುಗಿದರು. ಅವರ ಬೆರಳುಗಳು ಕಟ್ಟೆಯ ಅಂಚನ್ನು ಸವರುತ್ತ ಹೋಗಿ ಲೋಟ ಹುಡುಕಿದವು. ನೀರು ಎಲ್ಲಿಯವರೆಗೆ ಬಂತೆಂದು ತಿಳಿಯಲು ಒಂದು ಬೆರಳನ್ನು ಲೋಟದ ಬಾಯಿಯೊಳಗೆ ಇಟ್ಟುಕೊಂಡಿದ್ದರು.

ಸಿರಿಯ ಮಾತು ಅರ್ಧಕ್ಕೇ ನಿಂತಿತು. "ಸಾರಿ ಮೇಡಂ. ನೀವೇನೋ ಹೇಳೋಕೆ ಬಂದ್ರಿ, ನಾನು ಬಿಡ್ಲಿಲ್ಲ. ಹೇಳಿ."

"ನನ್ನ ಕಣ್ಣು ಹೋಗ್ತಾ ಇದೆ. ಇನ್ನೊಂದು ವರ್ಷ ಅಂದಿದಾರೆ ಡಾಕ್ಟ್ರು. ಆಮೇಲೂ ಅಡುಗೆ ನಾನೇ ಮಾಡ್ಕೋಬೇಕು. ಅದಕ್ಕೆ ಯಾವ್ದನ್ನೂ ಜಾಗ ಬದಲಾಯಿಸ್ಬೇಡಿ, ಈ ಚೂಪು ಮೂಲೆಗಳನ್ನ ದುಂಡಗೆ ಮಾಡ್ಕೊಡಿ ಸಾಕು. ಇಷ್ಟು ಹೇಳೋಣ ಅಂದ್ರೆ, ನಿಮಗಿಂತ ಮುಂಚೆ ಬಂದ ಇಬ್ರೂ ಬರೀ ಫೋಟೋ ತೋರಿಸಿ ಹೋದ್ರು."

ಸಿರಿ ಟ್ಯಾಬ್ ಆರಿಸಿ ಚೀಲದೊಳಗಿಟ್ಟಳು. ಕಣ್ಣು ಮುಚ್ಚಿ ಕೈ ಮುಂದೆ ಚಾಚಿದಳು. "ಕಣ್ಮುಚ್ಕೊಂಡಿದೀನಿ ಮೇಡಂ. ಯಾವ್ದು ಎಲ್ಲಿದೆ ಅಂತ ನೀವೇ ಹೇಳ್ಕೊಡಿ."

ಚೂಡಾಮಣಿ ಅವಳ ಕೈ ಹಿಡಿದು ಸ್ಟೌ ಪಕ್ಕದ ಗೂಡಿನೊಳಕ್ಕೆ ಒಯ್ದರು. "ಇದು ಸಾಸಿವೆ ಡಬ್ಬ," ಎಂದರು. "ಕೆಲಸ ಇಲ್ಲಿಂದ ಶುರು ಮಾಡಿ."