ರೊಟ್ಟಿ ಬಡಿದ ಹೆಬ್ಬೆಟ್ಟು

ಉದ್ದದ ಮೆಸೇಜು ಅಂತ ಮೇಲೆ ತಳ್ಳಿಬಿಡಬೇಡಿ... ನಿಮ್ಮ ಮನೆಯಲ್ಲಿ ಸರ್ಕಾರದ ಪಿಂಚಣಿ ಪಡೆಯುವವರು ಒಬ್ಬರಿದ್ದರೂ ಸಾಕು, ಕೊನೆಯವರೆಗೆ ಓದಿ.

ಬಾಗಲಕೋಟೆ ಕಡೆಯ ಒಂದು ಊರು. ಅಲ್ಲೊಂದು ಓಣಿ. ಬೆಳಗಾದರೆ ಮನೆಮನೆಯಿಂದ ರೊಟ್ಟಿ ಬಡಿಯುವ ಸದ್ದು... ಖಾನಾವಳಿಗೆ, ಮದುವೆಮನೆಗೆ ಜೋಳದ ರೊಟ್ಟಿ ಹೋಗುವುದು ಇಲ್ಲಿಂದಲೇ.

ಆ ಓಣಿಯಲ್ಲಿ ನಿಂಬೆವ್ವ ಅಂತ ಒಬ್ಬಾಕೆ. ಗಂಡ ತೀರಿಕೊಂಡಿದ್ದಾನೆ. ತಿಂಗಳಿಗೊಮ್ಮೆ ವಿಧವಾ ವೇತನ ಬರುತ್ತದೆ. ಓಣಿಯ ಹೆಂಗಸರು ಅದನ್ನು ‘ಪಗಾರ’ ಅನ್ನುತ್ತಾರೆ.

ನಿಂಬೆವ್ವ ಅದರಲ್ಲಿ ಸ್ವಲ್ಪ ಮಾತ್ರ ತೆಗೆದು, ಉಳಿದದ್ದನ್ನು ಖಾತೆಯಲ್ಲೇ ಬಿಡುತ್ತಿದ್ದಳು. ಮಗಳು ಸುವರ್ಣಾ ಚೊಚ್ಚಲ ಬಸುರಿ. ತವರಿನವರು ಕುಬಸ, ಅಂದರೆ ಸೀಮಂತ, ಮಾಡಬೇಕಲ್ಲ...

ಆ ದಿನ ಮಗಳಿಗೆ ಹಸಿರು ಇಳಕಲ್ ಸೀರೆ ಉಡಿಸಬೇಕು, ಅದೂ ಯಾರ ಮುಂದೆಯೂ ಕೈಚಾಚದೆ. ಅವಳಿಗಿದ್ದದ್ದು ಇದೊಂದೇ ಆಸೆ.

ಪಗಾರ ಜಮಾ ಆದಾಗ ಬೈಕಿನಲ್ಲಿ ಒಬ್ಬ ತರುಣ ಪುಟ್ಟ ಮಷೀನು ಹಿಡಿದು ಓಣಿಗೇ ಬರುತ್ತಿದ್ದ. ಆಧಾರ್ ನಂಬರು ಕೊಟ್ಟು ಹೆಬ್ಬೆಟ್ಟು ಒತ್ತಿದರೆ ಅಲ್ಲೇ ಹಣ. ಅವನ ಮಾತಂತೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

“ಬರಲಿಲ್ಲ ಯವ್ವಾ... ಇನ್ನೊಮ್ಮೆ ಒತ್ತು.”

ನಿಂಬೆವ್ವನಿಗೆ ನಾಚಿಕೆ. ಬಿಸಿ ಹಿಟ್ಟು ನಾದಿ ನಾದಿ ಬೆರಳಿನ ಗೆರೆಗಳೇ ಸವೆದಿದ್ದವು. ರೇಷನ್ ಅಂಗಡಿಯಲ್ಲೂ ಇದೇ ಗೋಳು.

“ನಮ್ಮ ಕೈನ ಹಿಂಗಪ್ಪಾ... ಬ್ಯಾಸರ ಮಾಡ್ಕೋಬ್ಯಾಡ” ಅಂತ ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಿದ್ದಳು. ಅವನ ತಾಳ್ಮೆ ಮೆಚ್ಚಿ ಬಿಸಿ ರೊಟ್ಟಿ, ಪುಂಡಿಪಲ್ಯ ಬೇರೆ ಕೊಡುತ್ತಿದ್ದಳು ಪುಣ್ಯಾತ್ಗಿತ್ತಿ!

ಕುಬಸ ಹತ್ತಿರ ಬಂತು. ಸೀರೆಯ ಹಣ ತೆಗೆಯಲು ನಿಂಬೆವ್ವ ಬ್ಯಾಂಕಿಗೆ ಹೋದಳು.

ಕೌಂಟರಿನ ಹೆಣ್ಣುಮಗಳು ಕಂಪ್ಯೂಟರ್ ನೋಡಿ ಹೇಳಿದಳು... “ಅವ್ವಾರ, ಖಾತೆದಾಗ ಏನೂ ಉಳದಿಲ್ರಿ. ಪ್ರತಿ ತಿಂಗಳೂ ಎರಡೆರಡು ಸಲ ತೆಗದೀರಿ. ಹೆಬ್ಬೆಟ್ಟು ನಿಮ್ದ ಐತ್ರಿ.”

“ನಾನು ಒಮ್ಮೆನ ತೆಗದೀನಿ ತಂಗಿ...”

“ಚೀಟಿ ತಗೊಂಡಿಲ್ರೀ? ರೊಕ್ಕ ಬಂದ್ರೂ ಮಷೀನ್ ಚೀಟಿ ಕೊಡತೈತಿ, ಬರದಿದ್ರೂ ಕೊಡತೈತಿ.”

ಚೀಟಿಯ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಮೆಸೇಜಾದರೂ ಬರುತ್ತಿತ್ತು ಅಂದರೆ, ಖಾತೆಗೆ ಜೋಡಿಸಿದ್ದ ನಂಬರು ತೀರಿಹೋದ ಗಂಡನದು.

ಆಗ ಅರ್ಥವಾಯಿತು... ಅವನು ‘ಬರಲಿಲ್ಲ’ ಅಂದಾಗಲೆಲ್ಲ ಹಣ ಬಂದಿತ್ತು. ಅವನ ಜೇಬಿಗೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಮಗಳಿಗೆ ಹೇಳಿದರೆ ನೊಂದುಕೊಳ್ಳುತ್ತಾಳೆ. ಓಣಿಗೆ ಹೇಳಿದರೆ ನಗುತ್ತಾರೆ. ಅದರಲ್ಲೂ ಎದುರುಮನೆ ಕಾಶೀಬಾಯಿ... ಆಕೆಯ ಬಾಯಿಗೆ ಬೀಳುವುದೆಂದರೆ ದೇವರೇ ಗತಿ.

ಆದರೆ ಸುಮ್ಮನಿದ್ದರೆ? ಮುಂದಿನ ಪಗಾರಕ್ಕೆ ಅವನು ಮತ್ತೆ ಬರುತ್ತಾನೆ...

ನಿಂಬೆವ್ವ ಎದ್ದಳು. ಮುಖ ತೊಳೆದು ನೇರವಾಗಿ ಕಾಶೀಬಾಯಿಯ ಮನೆಗೇ ಹೋಗಿ ಎಲ್ಲ ಹೇಳಿದಳು.

ಕಾಶೀಬಾಯಿ ನಗಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಕಣ್ಣು ತುಂಬಿತು.

“ನಿಂಬೆಕ್ಕಾ... ನನ್ನ ಕಡಿಂದನೂ ಎರಡೆರಡು ಸಲ ಒತ್ತಸ್ತಾನ. ನನ್ನ ಕೈನ ಸರಿ ಇಲ್ಲಂತ ಯಾರ ಮುಂದನೂ ಬಾಯಿ ಬಿಡಲಿಲ್ಲ.”

ಇಬ್ಬರೂ ಸೇರಿ ಮನೆಮನೆಗೆ ಹೋದರು. ಎಲ್ಲ ಕಡೆ ಅದೇ ಕಥೆ. ಪ್ರತಿಯೊಬ್ಬಳೂ ತನ್ನ ಕೈಗೇ ಬೈದುಕೊಂಡು ಸುಮ್ಮನಿದ್ದಳು!

“ಅತ್ತಿದ್ದು ಸಾಕು” ಅಂದಳು ನಿಂಬೆವ್ವ. “ಸುಡೋ ಹಂಚಿಗೆ ಹೆದರದ ಕೈ ಇವು. ಕಳ್ಳಗ ಹೆದರತಾವೇನು?”

ಎಲ್ಲರೂ ಒಟ್ಟಿಗೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿದರು. ಬ್ಯಾಂಕಿನಲ್ಲಿ ನಿಂಬೆವ್ವ ಗಂಡನ ನಂಬರು ತೆಗೆಸಿ ತನ್ನ ಸಣ್ಣ ಫೋನಿನ ನಂಬರು ಹಾಕಿಸಿದಳು.

ಪಗಾರದ ದಿನ ಅವನು ಬಂದ. ಅದೇ ನಗು. ಯಾರೋ ಒಬ್ಬಾಕೆ ಮರೆಯಲ್ಲಿ ಠಾಣೆಗೆ ಫೋನ್ ಮಾಡಿದಳು. ನಿಂಬೆವ್ವ ಎಲ್ಲರಿಗಿಂತ ಮುಂದೆ ಬಂದು ಹೆಬ್ಬೆಟ್ಟು ಒತ್ತಿದಳು.

“ಬರಲಿಲ್ಲ ಯವ್ವಾ... ಇನ್ನೊಮ್ಮೆ ಒತ್ತು.”

ಅಷ್ಟರಲ್ಲಿ ಅವಳ ಸೊಂಟದ ಚೀಲದಲ್ಲಿದ್ದ ಫೋನು ‘ಟಿಣ್’ ಅಂದಿತು. ತೆಗೆದು ನೋಡಿದಳು... ಖಾತೆಯಿಂದ ಹಣ ತೆಗೆದ ಮೆಸೇಜು.

“ರೊಕ್ಕ ಬಂತು ಅಂತ ಫೋನ್ ಹೇಳತೈತಿ. ನೀ ಬರಲಿಲ್ಲ ಅಂತೀ. ಎಲ್ಲಿ, ಚೀಟಿ ಕೊಡು.”

“ಕಾಗದ ಮುಗದೈತಿ... ನಿಮ್ಮ ಕೈ ಸವದ್ರ ನಾ ಏನ್ ಮಾಡ್ಲಿ?”

“ಕೈ ಸವದೈತಿ, ಖರೇ. ಕಣ್ಣು ಸವದಿಲ್ಲ!”

ಅವನು ಬೈಕಿನತ್ತ ಓಡಿದ. ಬೈಕಿನ ಮೇಲೆ ಕಾಶೀಬಾಯಿ ಕೂತಿದ್ದಳು. ಸುತ್ತ ಇಡೀ ಓಣಿ. ಪೊಲೀಸರು ಬರುವವರೆಗೆ ಒಬ್ಬಳೂ ಕದಲಲಿಲ್ಲ.

ಹೋದ ಹಣವೆಲ್ಲ ಇನ್ನೂ ಬಂದಿಲ್ಲ. ಕೇಸು ನಡೆಯುತ್ತಿದೆ.

ಕುಬಸ ಮಾತ್ರ ನಿಲ್ಲಲಿಲ್ಲ. ಇಳಕಲ್ ಬದಲು ಸಾದಾ ಹಸಿರು ನೂಲಿನ ಸೀರೆ... ರೊಟ್ಟಿ ಬಡಿದು ಗಳಿಸಿದ್ದು.

ಸೀರೆ ಕೊಡುವಾಗ ನಿಂಬೆವ್ವ ಅಂದಳು... “ನಿನಗ ಇಳಕಲ್ ಉಡಸಬೇಕಂತಿದ್ನಿ ಮಗಳ... ಮೋಸ ಹೋದ್ನಿ.”

ಸುವರ್ಣಾ ಅವ್ವನ ಸವೆದ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡಳು.

“ಕದ್ದಾವ ನಾಚಬೇಕವ್ವಾ, ನೀ ಯಾಕ ನಾಚತಿ? ನನ್ನ ಹೊಟ್ಟ್ಯಾಗಿನ ಕೂಸಿಗೆ ನಾ ಹೇಳೋ ಮೊದಲನೇ ಕಥಿನ ನಿಂದು.”

ನೆರೆದಿದ್ದ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾಶೀಬಾಯಿ ಎಲ್ಲರಿಗಿಂತ ಜೋರಾಗಿ ಅತ್ತಳು.

ಈಗ ಓಣಿಗೆ ಮಷೀನು ಹಿಡಿದು ಬೇರೆಯವರು ಬರುತ್ತಾರೆ. ಮೊನ್ನೆ ಹೊಸದಾಗಿ ಪಗಾರ ಶುರುವಾದ ಹೆಂಗಸೊಬ್ಬಳು ಅಂಜುತ್ತಾ, “ನನ್ನ ಕೈನ ಸರಿ ಇಲ್ರಿ...” ಅಂದಳು.

ಪಕ್ಕದಲ್ಲಿದ್ದ ನಿಂಬೆವ್ವ ಅವಳ ಹೆಗಲ ಮೇಲೆ ಕೈಯಿಟ್ಟಳು.

“ಕೈಗೆ ಬೈಬ್ಯಾಡ ತಂಗಿ. ಮೊದಲು ಚೀಟಿ ಕೇಳು.”

*ಮೋಸ ಹೋದವರು ಬಾಯಿ ಮುಚ್ಚಿಕೊಂಡಿರುವಷ್ಟು ದಿನ ಮೋಸಗಾರನ ಅಂಗಡಿ ತೆರೆದೇ ಇರುತ್ತದೆ.*

ನಿಮ್ಮ ಅವ್ವ, ಅಜ್ಜಿ, ಪಕ್ಕದ ಮನೆಯ ಅಕ್ಕ ಹೆಬ್ಬೆಟ್ಟು ಒತ್ತಿದಾಗ ಚೀಟಿ ಸಿಕ್ಕಿತಾ, ಮೆಸೇಜು ಯಾರ ನಂಬರಿಗೆ ಹೋಗುತ್ತದೆ... ಇವತ್ತೇ ಒಮ್ಮೆ ಕೇಳುತ್ತೀರಾ?